ಟೆಸ್ಟ್ ಬೆಂಚನ್ನು ನೆಟ್‌ವರ್ಕ್ ಮೂಲಕ ನಡೆಸುವುದು: ತಂತಿಯಿಂದ ಪ್ರೋಗ್ರಾಂವರೆಗೆ, ಒಂದೊಂದೇ ಹಂತ

ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳ ಕೊನೆ ವರ್ಷದ ಮಕ್ಕಳು, ಅಂತರಸನಹಳ್ಳಿ ಕಡೆಯ ಸಣ್ಣ ಯೂನಿಟ್‌ಗಳಲ್ಲಿ ಟೆಸ್ಟಿಂಗ್ ಮಾಡುವ ಹುಡುಗರು, ಬೆಂಚಿನ ಮೇಲಿನ ಉಪಕರಣಗಳನ್ನು ಕಂಪ್ಯೂಟರಿನಿಂದ ನಡೆಸಲು ಹೋಗಿ ನನ್ನ ಹತ್ತಿರ ತರುವ ತೊಂದರೆ ಹೆಚ್ಚುಕಡಿಮೆ ಒಂದೇ. ಲ್ಯಾಪ್‌ಟಾಪ್ ತೆರೆದು ತೋರಿಸುತ್ತಾರೆ. ಪರದೆಯಲ್ಲಿ ‘ಟೈಮ್‌ಔಟ್’ ಅಂತ ಕೆಂಪು ಅಕ್ಷರ. "ಮೇಡಂ, ಕೋಡ್ ಎಲ್ಲಿ ತಪ್ಪಿದೆ ನೋಡಿ" ಅನ್ನುತ್ತಾರೆ. "ಮೀಟರ್ ಪಿಂಗ್ ಆಗುತ್ತಾ?" ಅಂತ ಕೇಳುತ್ತೇನೆ, ಅಂದರೆ ನೆಟ್‌ವರ್ಕಿನಲ್ಲಿ ಕರೆದರೆ ಅದು ಓಗೊಡುತ್ತಾ ಅಂತ. ನೋಡಿಲ್ಲ ಅನ್ನುತ್ತಾರೆ. ಬಹಳ ಸಲ ಕೋಡಿನಲ್ಲಿ ಏನೂ ತಪ್ಪಿರುವುದಿಲ್ಲ. ಅದಕ್ಕಿಂತ ನಾಲ್ಕು ಹಂತ ಕೆಳಗೆ, ವಿಳಾಸದಲ್ಲೋ ಪೋರ್ಟಿನಲ್ಲೋ ಎಡವಿರುತ್ತಾರೆ.

ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಒಂದು ಹಂತ ಸರಿಯಾದ ಮೇಲೆಯೇ ಮುಂದಿನದಕ್ಕೆ ಹೋಗಿ. ಉದಾಹರಣೆಗೆ ಒಂದೇ ಕೆಲಸ ಇಟ್ಟುಕೊಳ್ಳುತ್ತೇನೆ: ಬೋರ್‌ವೆಲ್ ಪಂಪಿನ ಸ್ಟಾರ್ಟರಿಗೆ ಹಾಕುವ 12 ವೋಲ್ಟಿನ ಕಂಟ್ರೋಲ್ ಬೋರ್ಡನ್ನು ರಾತ್ರಿಯಿಡೀ ಓಡಿಸಿ ನೋಡಬೇಕು. ಬೆಂಚಿನ ಮೇಲೆ ಒಂದು ಪವರ್ ಸಪ್ಲೈ, ಒಂದು ಮಲ್ಟಿಮೀಟರ್, ಒಂದು ಸ್ಕೋಪ್ (ಆಸಿಲೋಸ್ಕೋಪ್, ಅಲೆಯ ಆಕಾರ ತೋರಿಸುವ ಉಪಕರಣ) ಇವೆ.

ಕಮಾಂಡುಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಉಪಕರಣದ ಹಿಂಭಾಗ ನೋಡಿ. ಲ್ಯಾನ್ ಪೋರ್ಟ್ ಇರಬೇಕು. ಬರೀ ಯುಎಸ್‌ಬಿ ಇದ್ದರೆ ಈ ದಾರಿ ನೇರವಾಗಿ ಆಗುವುದಿಲ್ಲ. ಎಲ್‌ಎಕ್ಸ್‌ಐ ಗುರುತು ಇದ್ದರೆ ಒಳ್ಳೆಯದು, ನೆಟ್‌ವರ್ಕಿನಲ್ಲಿ ಅದು ಹೇಗೆ ನಡೆದುಕೊಳ್ಳಬೇಕು ಅನ್ನುವ ನಿಯಮ ಪಾಲಿಸಿದೆ ಅಂತ ಅರ್ಥ.

ಐದು ಪೋರ್ಟಿನ ಒಂದು ಸಾಧಾರಣ ಸ್ವಿಚ್, ಕ್ಯಾಟ್-5ಇ ಅಥವಾ ಕ್ಯಾಟ್-6 ಕೇಬಲ್‌ಗಳು, ಬೆಂಚಿನ ಪಕ್ಕದಲ್ಲೇ ಇರುವ ಒಂದು ಕಂಪ್ಯೂಟರ್. ಹಳೆಯ ಡೆಸ್ಕ್‌ಟಾಪ್ ಆದರೂ ಸಾಕು, ರಾಸ್‌ಬೆರಿ ಪೈ ಆದರೂ ಸಾಕು. ಸ್ವಿಚ್ಚಿಗೂ ಕಂಪ್ಯೂಟರಿಗೂ ಯುಪಿಎಸ್ ಕೊಡಿ.

ಇನ್ನೊಂದು ಸಾಮಾನನ್ನು ಹೆಚ್ಚಿನವರು ಮರೆಯುತ್ತಾರೆ: ಆ ಮಾಡೆಲ್ಲಿನ ಪ್ರೋಗ್ರಾಮಿಂಗ್ ಗೈಡ್. ಡಬ್ಬದಲ್ಲಿ ಬರುವ ಯೂಸರ್ ಮ್ಯಾನುಯಲ್ ಅಲ್ಲ. ತಯಾರಕರ ವೆಬ್‌ಸೈಟಿನಲ್ಲಿ ಅದು ಬೇರೆ ಪಿಡಿಎಫ್ ಆಗಿ ಇರುತ್ತದೆ. ಎರಡು ಕಂಪನಿಗಳ ಸಪ್ಲೈಗಳು ಒಂದೇ ಭಾಷೆ, ಅಂದರೆ ಉಪಕರಣಗಳಿಗೆ ಕಮಾಂಡ್ ಕೊಡುವ ಎಸ್‌ಸಿಪಿಐ, ಮಾತಾಡಿದರೂ ಚಾನೆಲ್ ಆರಿಸುವ ಕಮಾಂಡ್ ಬೇರೆ ಬೇರೆ ಇರಬಹುದು.

1. ಬೆಂಚಿಗೆ ಅದರದ್ದೇ ನೆಟ್‌ವರ್ಕ್ ಮಾಡಿ

ಕಾಲೇಜಿನ ಅಥವಾ ಆಫೀಸಿನ ನೆಟ್‌ವರ್ಕಿಗೆ ಮೀಟರ್ ಸಿಕ್ಕಿಸಬೇಡಿ. ಅಲ್ಲಿ ಲಾಗಿನ್ ಪುಟ ಬರುತ್ತದೆ, ಮಲ್ಟಿಮೀಟರಿಗೆ ಅದರಲ್ಲಿ ಹೆಸರು, ಪಾಸ್‌ವರ್ಡ್ ಹಾಕಲು ಬರುವುದಿಲ್ಲ. ಎಷ್ಟೋ ಕಡೆ ಒಂದು ಕಂಪ್ಯೂಟರ್ ಇನ್ನೊಂದನ್ನು ನೋಡದ ಹಾಗೆ ತಡೆಯನ್ನೂ ಹಾಕಿರುತ್ತಾರೆ.

ಉಪಕರಣಗಳು ಮತ್ತು ಬೆಂಚ್ ಕಂಪ್ಯೂಟರ್ ಎಲ್ಲವೂ ಆ ಪುಟ್ಟ ಸ್ವಿಚ್ಚಿಗೆ ಬರಲಿ. ಕಂಪ್ಯೂಟರಿಗೆ ಇಂಟರ್ನೆಟ್ ಬೇಕಿದ್ದರೆ ಅದರ ವೈಫೈ ಮೂಲಕ ಬೇರೆಯಾಗಿ ಸಿಗಲಿ. ಕೇಬಲ್ ಹಾಕಿದ ಕೂಡಲೇ ಎರಡೂ ತುದಿಯ ಪೋರ್ಟಿನಲ್ಲಿ ಸಣ್ಣ ದೀಪ ಹೊತ್ತಬೇಕು. ಹೊತ್ತದಿದ್ದರೆ ಇಲ್ಲೇ ನಿಲ್ಲಿ, ಕೇಬಲ್ ಬದಲಿಸಿ. ಕೈಯಲ್ಲಿ ಕ್ರಿಂಪ್ ಮಾಡಿದ ಪಿನ್ನುಗಳಲ್ಲಿ ಈ ತೊಂದರೆ ಜಾಸ್ತಿ.

2. ವಿಳಾಸ ಕೊಡುವುದು: ಹೆಚ್ಚಿನವರು ಎಡವುವ ಜಾಗ

ಈ ಹಂತಕ್ಕೆ ಸಮಯ ಕೊಡಿ. ಪ್ರತಿ ಉಪಕರಣಕ್ಕೂ ಬದಲಾಗದ ಐಪಿ ವಿಳಾಸ ಕೊಡಬೇಕು. ಮುಂಭಾಗದ ಯುಟಿಲಿಟಿ ಅಥವಾ ಸಿಸ್ಟಮ್ ಮೆನುವಿನಲ್ಲಿ ಲ್ಯಾನ್ ಸೆಟ್ಟಿಂಗ್ ಸಿಗುತ್ತದೆ. ಡಿಎಚ್‌ಸಿಪಿ (ನೆಟ್‌ವರ್ಕಿನಿಂದ ವಿಳಾಸ ತಾನಾಗಿ ಪಡೆಯುವ ವ್ಯವಸ್ಥೆ) ಆಫ್ ಮಾಡಿ, ಮ್ಯಾನುಯಲ್ ಆರಿಸಿ.

ನಾನು ಹೀಗೆ ಕೊಡುತ್ತೇನೆ: ಬೆಂಚ್ ಕಂಪ್ಯೂಟರಿನ ಲ್ಯಾನ್ ಪೋರ್ಟಿಗೆ 192.168.50.1, ಪವರ್ ಸಪ್ಲೈಗೆ 192.168.50.11, ಮಲ್ಟಿಮೀಟರಿಗೆ 192.168.50.12, ಸ್ಕೋಪಿಗೆ 192.168.50.13. ಸಬ್‌ನೆಟ್ ಮಾಸ್ಕ್ ಎಲ್ಲಕ್ಕೂ 255.255.255.0. ಕಂಪ್ಯೂಟರಿನ ಲ್ಯಾನ್ ಪೋರ್ಟಿನಲ್ಲಿ ಗೇಟ್‌ವೇ ಜಾಗ ಖಾಲಿ ಬಿಡಿ. ಅಲ್ಲಿ ಏನಾದರೂ ತುಂಬಿದರೆ ಕಂಪ್ಯೂಟರ್ ಇಂಟರ್ನೆಟ್ಟನ್ನೂ ಈ ಸ್ವಿಚ್ಚಿನ ಕಡೆಗೇ ಹುಡುಕಲು ಹೋಗುತ್ತದೆ.

ಯಾಕೆ 50? ಮನೆ, ಅಂಗಡಿ, ಆಫೀಸಿನ ಎಷ್ಟೋ ರೂಟರುಗಳು 192.168.0 ಅಥವಾ 192.168.1 ಸಾಲನ್ನು ಬಳಸುತ್ತವೆ. ಬೆಂಚಿಗೂ ಅದೇ ಸಾಲು ಕೊಟ್ಟರೆ ಕಂಪ್ಯೂಟರಿನ ವೈಫೈ ಕಡೆಯೂ ಲ್ಯಾನ್ ಕಡೆಯೂ ಒಂದೇ ಬೀದಿಯ ಹೆಸರಾಗುತ್ತದೆ. ಮೀಟರಿಗೆ ಹೋಗಬೇಕಾದ ಮಾತು ವೈಫೈ ಕಡೆಗೆ ಹೋಗಿ ಕಳೆದುಹೋಗುತ್ತದೆ. "ನಿನ್ನೆ ಕೆಲಸ ಮಾಡ್ತಿತ್ತು, ಇವತ್ತು ಇಲ್ಲ" ಅನ್ನುವ ದೂರುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ನಿನ್ನೆ ವೈಫೈ ಆಫ್ ಇತ್ತು, ಇವತ್ತು ಆನ್ ಇದೆ, ಅಷ್ಟೇ.

ಎಚ್ಚರಿಕೆಯ ಗುರುತು: ಉಪಕರಣದ ಪರದೆಯಲ್ಲಿ 169.254 ಅಂತ ಶುರುವಾಗುವ ವಿಳಾಸ ಕಂಡರೆ, ಅದು ಡಿಎಚ್‌ಸಿಪಿಗಾಗಿ ಕಾದು, ಯಾರೂ ಉತ್ತರ ಕೊಡದೆ, ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಅಂತ ತಿಳಿಯಿರಿ. ನೀವು ಹಾಕಿದ ವಿಳಾಸ ಉಳಿದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಕೊನೆಗೆ ‘ಅಪ್ಲೈ’ ಒತ್ತಬೇಕು, ಕೆಲವಕ್ಕೆ ಆಫ್ ಮಾಡಿ ಆನ್ ಮಾಡಬೇಕು.

ಮೊದಲಿನವರು ಏನೇನೋ ಹಾಕಿಟ್ಟಿದ್ದರೆ ‘ಲ್ಯಾನ್ ರೀಸೆಟ್’ ಹುಡುಕಿ. ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಹೊಸದಾಗುತ್ತದೆ. ಕೊಟ್ಟ ವಿಳಾಸವನ್ನು ಚೀಟಿಯಲ್ಲಿ ಬರೆದು ಉಪಕರಣದ ಮೇಲೇ ಅಂಟಿಸಿ.

3. ಪಿಂಗ್ ಮಾಡಿ, ಆಮೇಲೆ ಬ್ರೌಸರಿನಲ್ಲಿ ನೋಡಿ

ಕಮಾಂಡ್ ಕಿಟಕಿಯಲ್ಲಿ ‘ಪಿಂಗ್ 192.168.50.11’ ಕೊಡಿ. ಉತ್ತರ ಬರಬೇಕು. ಬಂದ ಮೇಲೆ ಕೇಬಲ್ ಕಿತ್ತು ಇನ್ನೊಮ್ಮೆ ಪಿಂಗ್ ಮಾಡಿ, ಈಗ ನಿಲ್ಲಬೇಕು. ನಿಲ್ಲದಿದ್ದರೆ ಅದೇ ವಿಳಾಸದಲ್ಲಿ ಬೇರೆ ಯಾವುದೋ ಕೂತಿದೆ. ಅರ್ಧ ನಿಮಿಷದ ಕೆಲಸ ಇದು, ದಯವಿಟ್ಟು ಬಿಡಬೇಡಿ.

ನಂತರ ಅದೇ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ. ಎಲ್‌ಎಕ್ಸ್‌ಐ ಉಪಕರಣವಾದರೆ ಅದರದ್ದೇ ಒಂದು ಪುಟ ತೆರೆಯುತ್ತದೆ. ಮಾಡೆಲ್, ಸೀರಿಯಲ್ ನಂಬರ್, ವೀಸಾ ವಿಳಾಸ (ಪ್ರೋಗ್ರಾಂ ಉಪಕರಣವನ್ನು ಕರೆಯುವಾಗ ಬಳಸುವ ಹೆಸರು) ಎಲ್ಲ ಅಲ್ಲೇ ಇರುತ್ತವೆ. ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ, ಏಳನೇ ಹಂತಕ್ಕೆ ಬೇಕು.

4. ಪೋರ್ಟ್ ತಿಳಿದು ಹೆಸರು ಕೇಳಿ

ಪಿಂಗ್ ಬಂದರೆ ದಾರಿ ತೆರೆದಿದೆ ಅಂತ ಮಾತ್ರ ಅರ್ಥ. ಯಾವ ಬಾಗಿಲು ತಟ್ಟಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಇಲ್ಲಿ ಪೋರ್ಟ್ ಅಂದರೆ ಆ ಬಾಗಿಲಿನ ನಂಬರ್, ಕೇಬಲ್ ಸಿಕ್ಕಿಸುವ ಜಾಗ ಅಲ್ಲ. ಸರಳ ಸಾಕೆಟ್ ಮಾತುಕತೆಗೆ ಕೀಸೈಟ್, ಸಿಗ್ಲೆಂಟ್, ರೋಡೆ ಅಂಡ್ ಶ್ವಾರ್ಜ್ ಉಪಕರಣಗಳಲ್ಲಿ ಸಾಮಾನ್ಯವಾಗಿ 5025. ರೈಗಾಲ್ ಸ್ಕೋಪುಗಳಲ್ಲಿ 5555. ಟೆಕ್ಟ್ರಾನಿಕ್ಸ್ ಸ್ಕೋಪುಗಳ ಸಾಕೆಟ್ ಸರ್ವರ್ 4000, ಅದನ್ನು ಮೆನುವಿನಲ್ಲಿ ಆನ್ ಮಾಡಬೇಕಾಗಬಹುದು. ಹೈಸ್ಲಿಪ್ ಅನ್ನುವ ಹೊಸ ವಿಧಾನಕ್ಕೆ 4880. ನಿಮ್ಮ ಮಾಡೆಲ್ಲಿನದು ಗೈಡಿನಲ್ಲಿ ಖಚಿತವಾಗಿ ಇರುತ್ತದೆ.

ಪೈಥಾನ್ ಇನ್ನೂ ತೆರೆಯಬೇಡಿ. ಪುಟ್ಟಿ ಅನ್ನುವ ಚಿಕ್ಕ ಪ್ರೋಗ್ರಾಂ ತೆರೆದು, ‘ರಾ’ ಅನ್ನುವ ಬಗೆ ಆರಿಸಿ, ವಿಳಾಸ ಮತ್ತು ಪೋರ್ಟ್ ಹಾಕಿ. ಕಪ್ಪು ಪರದೆ ಬಂದಾಗ ‘*ಐಡಿಎನ್?’ ಟೈಪ್ ಮಾಡಿ ಎಂಟರ್ ಒತ್ತಿ. ಉಪಕರಣ ನಾಲ್ಕು ಸಂಗತಿಗಳನ್ನು ಅಲ್ಪವಿರಾಮ ಹಾಕಿ ಹೇಳುತ್ತದೆ: ತಯಾರಕರು, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್. ಆ ಸಾಲು ಕಂಡಿತೆಂದರೆ ಉಪಕರಣ, ಕೇಬಲ್, ವಿಳಾಸ, ಪೋರ್ಟ್ ನಾಲ್ಕೂ ಸರಿ. ಇನ್ನು ಮುಂದೆ ಬರುವ ತಪ್ಪು ನಿಮ್ಮ ಪ್ರೋಗ್ರಾಮಿನದ್ದು ಅಂತ ಧೈರ್ಯವಾಗಿ ಹುಡುಕಬಹುದು.

‘ಕನೆಕ್ಷನ್ ರೆಫ್ಯೂಸ್ಡ್’ ಅಂದರೆ ಪೋರ್ಟ್ ತಪ್ಪು, ಇಲ್ಲವೇ ಹಳೆಯ ಸಂಪರ್ಕ ಇನ್ನೂ ತೆರೆದೇ ಇದೆ. ಕೆಲವು ಉಪಕರಣಗಳು ಒಂದೋ ಎರಡೋ ಸಂಪರ್ಕ ಮಾತ್ರ ಒಪ್ಪುತ್ತವೆ. ಮಧ್ಯದಲ್ಲಿ ನಿಂತುಹೋದ ಪ್ರೋಗ್ರಾಂ ಆ ಜಾಗವನ್ನು ಹಿಡಿದುಕೊಂಡೇ ಇರುತ್ತದೆ. ಉಪಕರಣ ಆಫ್ ಮಾಡಿ ಆನ್ ಮಾಡಿದರೆ ಬಿಡುತ್ತದೆ. ಪುಟ್ಟಿಯನ್ನೂ ಮುಚ್ಚಿಯೇ ಮುಂದೆ ಹೋಗಿ.

5. ಈಗ ಪೈಥಾನ್

ಪೈಥಾನಿನಿಂದ ಉಪಕರಣದ ಜೊತೆ ಮಾತಾಡಲು ಇರುವ ಪೈವೀಸಾ ಹಾಕಿಕೊಳ್ಳಿ. ಅದರ ಕೆಳಗೆ ಒಂದು ವೀಸಾ ಲೈಬ್ರರಿ ಬೇಕು. ತಯಾರಕರ ವೀಸಾ ಹಾಕಬಹುದು, ಇಲ್ಲವೇ ಪೈವೀಸಾ-ಪೈ ಸಾಕು. ರಾಸ್‌ಬೆರಿ ಪೈ ಮೇಲೆ ಎರಡನೆಯದೇ ಸುಲಭ. ‘ಹುಡುಕು’ ಅಂತ ಹೇಳಿದಾಗ ಪಟ್ಟಿ ಖಾಲಿ ಬಂದರೆ ಗಾಬರಿ ಬೇಡ. ಕಂಪ್ಯೂಟರಿನ ಫೈರ್‌ವಾಲ್ ಆ ಹುಡುಕಾಟವನ್ನು ತಡೆದಿರಬಹುದು. ವಿಳಾಸವನ್ನು ಕೈಯಲ್ಲೇ ಬರೆಯಿರಿ.

ವಿಳಾಸ ಎರಡು ರೂಪದಲ್ಲಿ ಇರುತ್ತದೆ. ‘ಟಿಸಿಪಿಐಪಿ0::192.168.50.11::ಇನ್‌ಸ್ಟ್ರ್’ (ಕೊನೆಯದು INSTR) ಒಂದು. ‘ಟಿಸಿಪಿಐಪಿ0::192.168.50.11::5025::ಸಾಕೆಟ್’ ಇನ್ನೊಂದು. ಮೊದಲನೆಯದರಲ್ಲಿ ಸಂದೇಶ ಎಲ್ಲಿ ಮುಗಿಯಿತು ಅಂತ ಉಪಕರಣವೇ ತಿಳಿಸುತ್ತದೆ. ಎರಡನೆಯದರಲ್ಲಿ ಅದನ್ನು ನೀವು ಹೇಳಿಕೊಡಬೇಕು. ರೀಡ್ ಟರ್ಮಿನೇಷನ್, ರೈಟ್ ಟರ್ಮಿನೇಷನ್ ಎರಡಕ್ಕೂ ಹೊಸಸಾಲಿನ ಗುರುತು, ಅಂದರೆ ಬ್ಯಾಕ್‌ಸ್ಲ್ಯಾಶ್ ಮತ್ತು ‘ಎನ್’, ಕೊಡಿ. ಇದನ್ನು ಮರೆತರೆ ಉತ್ತರ ಬಂದಿದ್ದರೂ ಪ್ರೋಗ್ರಾಂ ಇನ್ನೂ ಏನೋ ಬರಲಿದೆ ಅಂತ ಕಾಯುತ್ತಾ ಕೂತು ಟೈಮ್‌ಔಟ್ ಅನ್ನುತ್ತದೆ. ಪುಟ್ಟಿಯಲ್ಲಿ ಉತ್ತರ ಬಂದು ಪೈಥಾನಿನಲ್ಲಿ ಬರದಿದ್ದರೆ ಮೊದಲ ಅನುಮಾನ ಇದರ ಮೇಲೆ.

ಎರಡನೇ ಅನುಮಾನ ಕಾಯುವ ಸಮಯದ ಮೇಲೆ. ಪೈವೀಸಾ ತಾನಾಗಿ ಕಾಯುವುದು 2 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಮಲ್ಟಿಮೀಟರಿನಲ್ಲಿ ನಿಖರತೆಗಾಗಿ 100 ಎನ್‌ಪಿಎಲ್‌ಸಿ (ಒಂದು ಅಳತೆಗೆ ಕರೆಂಟಿನ ಎಷ್ಟು ಸುತ್ತು ಅನ್ನುವ ಲೆಕ್ಕ) ಇಟ್ಟರೆ ಒಂದು ಅಳತೆಗೇ 2 ಸೆಕೆಂಡ್ ಬೇಕು. ಆಟೋ ಝೀರೋ ಆನ್ ಇದ್ದರೆ ಪ್ರತಿ ಸಲ ಸೊನ್ನೆಯನ್ನೂ ಅಳೆಯುತ್ತದೆ, 4 ಸೆಕೆಂಡ್ ಆಯಿತು. ಮೀಟರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ, ನೀವು ಕಾಯುತ್ತಿಲ್ಲ. ಟೈಮ್‌ಔಟನ್ನು 10000 ಮಿಲಿಸೆಕೆಂಡಿಗೆ ಏರಿಸಿ.

ಮಲ್ಟಿಮೀಟರಿನ ಇನ್ನೊಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ರೇಂಜು, ಎನ್‌ಪಿಎಲ್‌ಸಿ ಎಲ್ಲ ಹೊಂದಿಸಿ, ಕೊನೆಗೆ ‘ಮೆಸ್:ವೋಲ್ಟ್?’ (MEAS:VOLT?) ಕಳಿಸುತ್ತಾರೆ. ಬಹಳ ಮೀಟರುಗಳಲ್ಲಿ ‘ಮೆಸ್’ ಅಂದರೆ ಎಲ್ಲವನ್ನೂ ಮಾಮೂಲಿ ಸೆಟ್ಟಿಂಗಿಗೆ ತಂದು ಅಳೆ ಅಂತ ಅರ್ಥ. ನೀವು ಹೊಂದಿಸಿದ್ದೆಲ್ಲ ಹೋಯಿತು. ಮೊದಲು ‘ಕಾನ್ಫ್’ ಕೊಟ್ಟು, ಎನ್‌ಪಿಎಲ್‌ಸಿ ಹೊಂದಿಸಿ, ಪ್ರತಿ ಅಳತೆಗೆ ‘ರೀಡ್?’ ಮಾತ್ರ ಕೇಳಿ.

6. ಉಪಕರಣದ ದೂರನ್ನು ಓದಿ

ಕಮಾಂಡ್ ತಪ್ಪಿದ್ದರೆ ಉಪಕರಣ ಬೀಪ್ ಮಾಡಿ ಸುಮ್ನೆ ಆಗಬಹುದು. ದೂರದಲ್ಲಿ ಕೂತ ನಿಮಗೆ ಅದು ಕೇಳುವುದಿಲ್ಲ. ಅದು ತನ್ನ ದೂರುಗಳನ್ನು ಒಳಗೆ ಸಾಲಾಗಿ ಬರೆದಿಟ್ಟುಕೊಂಡಿರುತ್ತದೆ, ನಾವು ಕೇಳಬೇಕು. ಪ್ರೋಗ್ರಾಂ ಶುರುವಿನಲ್ಲಿ ‘*ಸಿಎಲ್‌ಎಸ್’ ಕಳಿಸಿ ಹಳೆಯದನ್ನು ಅಳಿಸಿ. ಆಮೇಲೆ ಪ್ರತಿ ಸೆಟ್ಟಿಂಗಿನ ಹಿಂದೆಯೇ ‘ಸಿಸ್ಟ್:ಇಆರ್‌ಆರ್?’ ಕೇಳಿ. ಉತ್ತರ 0 ಬರುವವರೆಗೂ ಮತ್ತೆ ಮತ್ತೆ ಕೇಳಿ, ಯಾಕೆಂದರೆ ಒಂದು ಸಲಕ್ಕೆ ಒಂದೇ ದೂರು ಹೊರಬರುತ್ತದೆ.

ಮೈನಸ್ 113 ಅಂದರೆ ಅಂಥ ಕಮಾಂಡ್ ನನಗೆ ಗೊತ್ತಿಲ್ಲ ಅಂತ. ಹೆಚ್ಚಾಗಿ ಅಕ್ಷರ ತಪ್ಪಿರುತ್ತದೆ, ಅಥವಾ ಬೇರೆ ಮಾಡೆಲ್ಲಿನ ಕಮಾಂಡ್ ಆಗಿರುತ್ತದೆ. ಮೈನಸ್ 222 ಅಂದರೆ ಕೊಟ್ಟ ಅಂಕಿ ಮಿತಿ ಮೀರಿದೆ. ಮೈನಸ್ 420 ಅಂದರೆ ಪ್ರಶ್ನೆಯನ್ನೇ ಕೇಳದೆ ಉತ್ತರ ಓದಲು ಹೋಗಿದ್ದೀರಿ. ಎಲ್ಲೋ ಪ್ರಶ್ನೆ ಚಿಹ್ನೆ ಬಿಟ್ಟುಹೋಗಿದೆ. ಮೈನಸ್ 410 ಅಂದರೆ ಮೊದಲ ಉತ್ತರ ಓದುವ ಮುಂಚೆಯೇ ಇನ್ನೊಂದು ಮಾತು ಕಳಿಸಿದ್ದೀರಿ.

ಮಧ್ಯೆ ಮಧ್ಯೆ ಸುಮ್ನೆ ‘2 ಸೆಕೆಂಡ್ ನಿಲ್ಲು’ ಅಂತ ಬರೆಯುವ ಅಭ್ಯಾಸ ಬಿಡಿ. ನಿಧಾನದ ಕೆಲಸದ ನಂತರ ‘*ಒಪಿಸಿ?’ ಕೇಳಿ. ಕೆಲಸ ಮುಗಿದಾಗ 1 ಅಂತ ಉತ್ತರ ಬರುತ್ತದೆ.

7. ಔಟ್‌ಪುಟ್ ಆನ್ ಮಾಡುವ ಕ್ರಮ

ಇಲ್ಲಿಯವರೆಗೆ ತಪ್ಪಿದರೆ ಸಮಯ ಮಾತ್ರ ಹೋಗುತ್ತದೆ. ಇಲ್ಲಿ ತಪ್ಪಿದರೆ ಬೋರ್ಡ್ ಹೋಗುತ್ತದೆ, ಬೆಂಕಿಯೂ ಹೊತ್ತಬಹುದು.

ಒಂದು ಯೂನಿಟ್‌ನಲ್ಲಿ ನಾನು ಕಣ್ಣಾರೆ ನೋಡಿದ್ದು. ಇಂಥದೇ ಬೋರ್ಡಿನ ಟೆಸ್ಟ್. ಸಪ್ಲೈಯಲ್ಲಿ 12 ವೋಲ್ಟ್ ಇಟ್ಟಿದ್ದರು. ಕರೆಂಟ್ ಮಿತಿಯನ್ನು ಯಾರೂ ಮುಟ್ಟಿರಲಿಲ್ಲ, ಅದು ಗರಿಷ್ಠ 5 ಆಂಪಿನಲ್ಲೇ ಇತ್ತು. ರಾತ್ರಿ ಯಾವಾಗಲೋ ಪ್ರೋಗ್ರಾಂ ನಿಂತಿದೆ. ಆಮೇಲೆ ಬೋರ್ಡಿನ ಒಂದು ರಿಲೇ ಡ್ರೈವರ್ ಶಾರ್ಟ್ ಆಗಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಸುಟ್ಟ ವಾಸನೆ, ಟ್ರ್ಯಾಕ್ ಕಪ್ಪಾಗಿ ಎದ್ದುಬಂದಿತ್ತು, ಸಪ್ಲೈ ಇನ್ನೂ ಆನ್. "ಪ್ರೋಗ್ರಾಂ ನಿಂತ ಮೇಲೂ ಬೋರ್ಡಿಗೆ ಕರೆಂಟ್ ಹೇಗೆ ಹರೀತು?" ಅಂತ ಅವರು ಕೇಳಿದರು. ಇದನ್ನು ನೆನಪಿಡಿ: ಪ್ರೋಗ್ರಾಂ ನಿಂತರೂ ಕೇಬಲ್ ಕಿತ್ತರೂ ಸಪ್ಲೈ ಕೊನೆಗೆ ಕೇಳಿದ ಮಾತನ್ನೇ ಪಾಲಿಸುತ್ತಾ ಇರುತ್ತದೆ.

ಕ್ರಮ ಹೀಗಿರಲಿ:

ಅ) ‘*ಐಡಿಎನ್?’ ಕೇಳಿ, ಬಂದ ಸೀರಿಯಲ್ ನಂಬರನ್ನು ನೀವು ಬರೆದಿಟ್ಟದ್ದರ ಜೊತೆ ಪ್ರೋಗ್ರಾಮೇ ಹೋಲಿಸಲಿ. ಬೇರೆ ಇದ್ದರೆ ಅಲ್ಲೇ ನಿಲ್ಲಲಿ. ಪಕ್ಕದ ಬೆಂಚಿನ ಸಪ್ಲೈಗೆ ನಿಮ್ಮ 12 ವೋಲ್ಟ್ ಹೋಗಿ, ಅಲ್ಲಿ 3.3 ವೋಲ್ಟಿನ ಬೋರ್ಡ್ ಇದ್ದರೆ ಅದರ ಗತಿ ಮುಗಿಯಿತು.

ಆ) ಔಟ್‌ಪುಟ್ ಆಫ್ ಮಾಡಿ. ಆಮೇಲೆ ‘*ಆರ್‌ಎಸ್‌ಟಿ’, ಅದು ಉಪಕರಣವನ್ನು ಮಾಮೂಲಿ ಸೆಟ್ಟಿಂಗಿಗೆ ತರುತ್ತದೆ.

ಇ) ಮೊದಲು ಮಿತಿಗಳು. ನಮ್ಮ ಬೋರ್ಡ್ 0.3 ಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ, ‘ಕರ್ 0.5’ (CURR 0.5) ಕೊಡಿ. ಓವರ್ ವೋಲ್ಟೇಜ್ ರಕ್ಷಣೆ 13.5ಕ್ಕೆ. ಓವರ್ ಕರೆಂಟ್ ರಕ್ಷಣೆಯನ್ನೂ ಆನ್ ಮಾಡಿ. ಬರೀ ಕರೆಂಟ್ ಮಿತಿ ಇದ್ದರೆ ಸಪ್ಲೈ ಆ 0.5 ಆಂಪನ್ನು ಕೊಡುತ್ತಲೇ ಇರುತ್ತದೆ. ರಕ್ಷಣೆ ಆನ್ ಇದ್ದರೆ ಔಟ್‌ಪುಟ್ಟನ್ನೇ ಕಡಿಯುತ್ತದೆ.

ಈ) ಈಗ ‘ವೋಲ್ಟ್ 12’.

ಉ) ಕೊಟ್ಟದ್ದನ್ನೆಲ್ಲ ಪ್ರಶ್ನೆ ಚಿಹ್ನೆ ಹಾಕಿ ವಾಪಸ್ ಕೇಳಿ, ದೂರಿನ ಸಾಲನ್ನೂ ಓದಿ. ಎಲ್ಲ ಸರಿ ಇದ್ದರೆ ಮಾತ್ರ ಔಟ್‌ಪುಟ್ ಆನ್.

ಊ) ಆನ್ ಆದ ಮೇಲೆ ಸಪ್ಲೈಯ ಅಳತೆ ನೋಡಿ. 12 ಕೇಳಿ 4 ವೋಲ್ಟ್ ಬಂದರೆ ಅದು ಕರೆಂಟ್ ಮಿತಿಗೆ ಸಿಕ್ಕಿಕೊಂಡಿದೆ. ಬೋರ್ಡಿನಲ್ಲಿ ಏನೋ ಆಗಿದೆ. ಮಿತಿ ಏರಿಸಿ ನೋಡುವ ಆಸೆ ಬೇಡ, ಆಫ್ ಮಾಡಿ.

ಪ್ರೋಗ್ರಾಮಿನಲ್ಲಿ ಅಳತೆಯ ಭಾಗವನ್ನು ಪೈಥಾನಿನ ‘ಟ್ರೈ’ ಒಳಗೆ ಇಟ್ಟು, ಔಟ್‌ಪುಟ್ ಆಫ್ ಮಾಡುವ ಸಾಲನ್ನು ‘ಫೈನಲಿ’ಯಲ್ಲಿ ಬರೆಯಿರಿ. ಮಧ್ಯದಲ್ಲಿ ತಪ್ಪಾದರೂ ಆ ಸಾಲು ಓಡುತ್ತದೆ. ಆದರೆ ಕಂಪ್ಯೂಟರೇ ಆಫ್ ಆದರೆ ಅದೂ ಓಡುವುದಿಲ್ಲ. ಕೆಲವು ಸಪ್ಲೈಗಳಲ್ಲಿ ವಾಚ್‌ಡಾಗ್ ಇರುತ್ತದೆ, ಇಷ್ಟು ಸೆಕೆಂಡ್ ಯಾರೂ ಮಾತಾಡಿಸದಿದ್ದರೆ ತಾನೇ ಆಫ್ ಆಗುತ್ತದೆ. ಇದ್ದರೆ ಖಂಡಿತ ಬಳಸಿ. ಇಲ್ಲದಿದ್ದರೆ ಬೋರ್ಡಿನ ಸಾಲಿನಲ್ಲಿ ಫ್ಯೂಸ್ ಹಾಕಿ.

230 ವೋಲ್ಟ್ ಮುಟ್ಟುವ ಭಾಗವನ್ನು ಹೀಗೆ ಯಾರೂ ಇಲ್ಲದೆ ನಡೆಸಬೇಡಿ. ಸ್ಕೋಪ್ ಪ್ರೋಬಿನ ಗ್ರೌಂಡ್ ಕ್ಲಿಪ್ ಅರ್ತಿಂಗಿಗೆ ನೇರ ಸೇರಿರುತ್ತದೆ. ಸ್ಟಾರ್ಟರಿನ ಮೇನ್ಸ್ ಕಡೆಗೆ ಅದನ್ನು ಸಿಕ್ಕಿಸಿದರೆ ನೇರ ಶಾರ್ಟ್. ಲ್ಯಾನಿನಲ್ಲಿ ನಡೆಸಿದರೂ ಇದು ಬದಲಾಗುವುದಿಲ್ಲ. ಅಲ್ಲಿ ಡಿಫರೆನ್ಷಿಯಲ್ ಪ್ರೋಬೇ ಬೇಕು.

8. ಸ್ಕೋಪಿನಿಂದ ಅಲೆ ತರುವುದು

ಅಲೆಯ ಡೇಟಾ ಅಕ್ಷರಗಳಾಗಿ ಬರುವುದಿಲ್ಲ, ಬೈನರಿಯಾಗಿ ಬರುತ್ತದೆ. ಮೊದಲು ‘#’ ಗುರುತು, ಆಮೇಲೆ ಒಂದು ಅಂಕಿ, ಆಮೇಲೆ ಅಷ್ಟು ಅಂಕಿಗಳಲ್ಲಿ ಬೈಟುಗಳ ಲೆಕ್ಕ. ‘#41000’ ಅಂದರೆ ಲೆಕ್ಕ 4 ಅಂಕಿಯದು, ಬರುವುದು 1000 ಬೈಟ್. ಡೇಟಾದ ನಡುವೆ 10 ಅನ್ನುವ ಬೆಲೆ ಬಂದರೆ ಅದೇ ಹೊಸಸಾಲಿನ ಗುರುತೂ ಹೌದು. ಮಾಮೂಲಿ ಓದು ಅಲ್ಲಿಗೇ ನಿಂತುಬಿಡುತ್ತದೆ. ಅಲೆ ಅರ್ಧಕ್ಕೆ ಕಡಿದಂತೆ ಕಂಡರೆ ಕಾರಣ ಇದೇ. ಪೈವೀಸಾದಲ್ಲಿ ಬೈನರಿ ಓದಲೆಂದೇ ಇರುವ ‘ಕ್ವೆರಿ ಬೈನರಿ ವ್ಯಾಲ್ಯೂಸ್’ ಬಳಸಿ.

9. ಮನೆಯಿಂದ ನೋಡುವುದು

ಪ್ರೋಗ್ರಾಂ ಬೆಂಚ್ ಕಂಪ್ಯೂಟರಿನಲ್ಲೇ ಓಡಬೇಕು, ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಅಲ್ಲ. ಮನೆಯಿಂದ ಆ ಕಂಪ್ಯೂಟರಿಗೆ ಎಸ್‌ಎಸ್‌ಎಚ್ ಮೂಲಕ ಒಳಹೋಗಿ ನೋಡಿ ಬನ್ನಿ. ಟಿಮಕ್ಸ್ (ಸಂಪರ್ಕ ಕಡಿದರೂ ಪ್ರೋಗ್ರಾಂ ನಿಲ್ಲದ ಹಾಗೆ ಹಿಡಿದಿಡುವ ಟರ್ಮಿನಲ್ ಪ್ರೋಗ್ರಾಂ) ಒಳಗೆ ಓಡಿಸಿದರೆ ಮನೆಯ ಇಂಟರ್ನೆಟ್ ಹೋದರೂ ಟೆಸ್ಟ್ ನಡೆಯುತ್ತಿರುತ್ತದೆ.

ರೂಟರಿನಲ್ಲಿ 5025 ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ. ಆ ಬಾಗಿಲಿಗೆ ಪಾಸ್‌ವರ್ಡ್ ಇಲ್ಲ. ಯಾರು ಬಂದು ‘ವೋಲ್ಟ್ 30’ ಅಂದರೂ ಸಪ್ಲೈ ಕೇಳುತ್ತದೆ. ವೈರ್‌ಗಾರ್ಡ್‌ನಂಥ ವಿಪಿಎನ್ (ಇಂಟರ್ನೆಟ್ ಮೇಲೆ ನಿಮಗಷ್ಟೇ ತೆರೆಯುವ ಗುಪ್ತ ದಾರಿ) ಹಾಕಿ, ಅದರ ಒಳಗಿನಿಂದ ಮಾತ್ರ ಬೆಂಚ್ ಕಂಪ್ಯೂಟರ್ ತಲುಪುವ ಹಾಗೆ ಮಾಡಿ. ಬೆಂಚಿನ ಮೇಲೆ ದೊಡ್ಡ ಅಕ್ಷರದ ಹಲಗೆ ಇಡಿ: ‘ಟೆಸ್ಟ್ ನಡೆಯುತ್ತಿದೆ, ಔಟ್‌ಪುಟ್ ಯಾವಾಗ ಬೇಕಾದರೂ ಆನ್ ಆಗಬಹುದು, ಮುಟ್ಟಬೇಡಿ’. ರಾತ್ರಿ ಕಸ ಗುಡಿಸಲು ಬರುವವರಿಗೂ ಅದು ಓದಲು ಬರಬೇಕು, ಅದಕ್ಕೇ ಕನ್ನಡದಲ್ಲಿ ಬರೆಯಿರಿ.

10. ರಾತ್ರಿ ಬಿಟ್ಟುಹೋಗುವ ಮುಂಚೆ ಮೂರು ಪರೀಕ್ಷೆ

ಬೋರ್ಡ್ ತೆಗೆದು, ಅದರ ಜಾಗದಲ್ಲಿ 47 ಓಮಿನ 10 ವಾಟ್ ರೆಸಿಸ್ಟರ್ ಹಾಕಿ. 12 ವೋಲ್ಟಿಗೆ ಅದು ಸುಮಾರು 0.26 ಆಂಪ್ ಎಳೆಯುತ್ತದೆ, 3 ವಾಟಿನಷ್ಟು ಬಿಸಿಯಾಗುತ್ತದೆ. ಟೆಸ್ಟ್ ಶುರು ಮಾಡಿ.

ಮೊದಲು, ಓಡುತ್ತಿರುವಾಗಲೇ ಸಪ್ಲೈಯ ಲ್ಯಾನ್ ಕೇಬಲ್ ಕಿತ್ತು ನೋಡಿ. ಪ್ರೋಗ್ರಾಂ ಅದನ್ನು ಗಮನಿಸಿ ಫೈಲಿನಲ್ಲಿ ಬರೆಯಬೇಕು. ವಾಚ್‌ಡಾಗ್ ಇದ್ದರೆ ಔಟ್‌ಪುಟ್ ಆಫ್ ಆಗಬೇಕು.

ಎರಡನೆಯದು, ಪ್ರೋಗ್ರಾಮನ್ನು ಬಲವಂತವಾಗಿ ನಿಲ್ಲಿಸಿ. ಅಲ್ಲಿಯವರೆಗಿನ ಅಳತೆಗಳು ಫೈಲಿನಲ್ಲಿ ಇವೆಯಾ ನೋಡಿ. ಕೊನೆಯಲ್ಲಿ ಒಟ್ಟಿಗೆ ಉಳಿಸುವ ಹಾಗೆ ಬರೆದಿದ್ದರೆ ಏನೂ ಇರುವುದಿಲ್ಲ. ಪ್ರತಿ ಸಾಲನ್ನೂ ಸಮಯದ ಜೊತೆ ಆಗಿಂದಾಗಲೇ ಡಿಸ್ಕಿಗೆ ಬರೆಯಿರಿ.

ಮೂರನೆಯದು ನಮ್ಮ ಕಡೆಗೆ ತುಂಬ ಬೇಕಾದದ್ದು. ಸಪ್ಲೈಯ ಮೇನ್ಸ್ ಸ್ವಿಚ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ಕರೆಂಟ್ ಹೋಗಿ ಬಂದಾಗ ಆಗುವುದು ಇದೇ ಅಲ್ವಾ? ಔಟ್‌ಪುಟ್ ಆಫ್ ಆಗಿಯೇ ಏಳಬೇಕು. ಕೆಲವು ಸಪ್ಲೈಗಳಲ್ಲಿ ‘ಹಿಂದಿನ ಸ್ಥಿತಿಗೇ ಬಾ’ ಅನ್ನುವ ಪವರ್ ಆನ್ ಸೆಟ್ಟಿಂಗ್ ಇರುತ್ತದೆ. ಔಟ್‌ಪುಟ್ ತಾನಾಗಿ ಆನ್ ಆಗಿ ಎದ್ದರೆ ಮೆನುವಿಗೆ ಹೋಗಿ ಅದನ್ನು ಬದಲಿಸಿ, ಇನ್ನೊಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ. ಮೂರೂ ಪರೀಕ್ಷೆ ಸರಿಯಾದ ಮೇಲೆ ರೆಸಿಸ್ಟರ್ ತೆಗೆದು, ಅದು ಆರಿದ ಮೇಲೆ ಎತ್ತಿಟ್ಟು, ಬೋರ್ಡ್ ಸಿಕ್ಕಿಸಿ. ಮೊದಲ ಅರ್ಧ ಗಂಟೆ ಅಲ್ಲೇ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಬೀಗ ಹಾಕಿ.